ಮೋಕ್ರಿ ದೋಲಿನ ಸರಾಸರಿ

ಮಳೆಮಾಪಕದ ನೀರಿನಲ್ಲಿ ಸೊಳ್ಳೆಮರಿ ಕುಣಿಯುತ್ತಿತ್ತು.

ಯಾಗ್ಲಿಕಾ ಅಳತೆಯ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಒಂದಲ್ಲ, ಮೂರು. ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು, ಕರೆದ ಮನೆಯ ಊಟಕ್ಕೆ ಬಂದವರ ಹಾಗೆ ನೆಮ್ಮದಿಯಾಗಿದ್ದವು. ರಾತ್ರಿ ಬಿದ್ದದ್ದು ಬರೀ ತುಂತುರು. ಅಂಗಳದ ಕಲ್ಲುಗಳ ನೆತ್ತಿ ನೆನೆದಿತ್ತು, ಬುಡ ಒಣಗಿಯೇ ಇತ್ತು. ಆದರೆ ಮಾಪಕದಲ್ಲಿ ಮಾತ್ರ ನೂರು ಮಿಲಿಮೀಟರಿಗೂ ಮೇಲೆ ನೀರು ನಿಂತಿತ್ತು. ಆಕಾಶದಿಂದ ಮೊಟ್ಟೆ ಗಾತ್ರದ ಆಲಿಕಲ್ಲು ಬಿದ್ದದ್ದನ್ನು ಅವಳು ಕಂಡಿದ್ದಳು, ಸಮುದ್ರದ ಆಚೆ ದಡದ ಮರಳುಗಾಡಿನಿಂದ ಬಂದ ಕೆಂಪು ಧೂಳು ಬಿದ್ದದ್ದನ್ನೂ ಕಂಡಿದ್ದಳು. ಸೊಳ್ಳೆಮರಿ ಬಿದ್ದದ್ದನ್ನು ಕಂಡಿರಲಿಲ್ಲ.

ಸೊಳ್ಳೆಮರಿ ಇರುವುದು ತೊಟ್ಟಿಯಲ್ಲಿ. ಡಿಸೆಂಬರ್ ಬಂದರೂ ಚಳಿ ಹುಟ್ಟದ ಈ ವರ್ಷ, ಮನೆಯ ನೆಲದಡಿಯ ಕಲ್ಲುತೊಟ್ಟಿಯ ತಳದಲ್ಲಿ ಉಳಿದ ಮೊಣಕಾಲುದ್ದದ ನೀರಿನಲ್ಲಿ ಅವು ಸಂಸಾರ ಹೂಡಿದ್ದವು. ತೊಟ್ಟಿಯಿಂದ ಮಾಪಕಕ್ಕೆ ಅವು ನಡೆದುಕೊಂಡು ಬರುವುದಿಲ್ಲ. ಯಾರೋ ಎತ್ತಿಕೊಂಡು ಬಂದು ಸುರಿದಿದ್ದಾರೆ. ಯಾರು ಎಂದು ಯೋಚಿಸಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮೋಕ್ರಿ ದೋಲ್ ಎಂಬ ಆ ಊರಿನ ಹಣೆಬರಹವೇ ವಿಚಿತ್ರ. ಇಡೀ ಯುರೋಪಿನಲ್ಲಿ ಅತಿ ಹೆಚ್ಚು ಮಳೆ ಬೀಳುವುದು ತಮ್ಮಲ್ಲೇ ಎಂದು ಊರಿನವರು ಎದೆ ತಟ್ಟಿಕೊಳ್ಳುತ್ತಾರೆ, ಕುಡಿಯುವ ನೀರಿಗೆ ಪರದಾಡುವುದೂ ಅವರೇ. ಕೆಳಗೆ ಸಮುದ್ರ, ಮೇಲೆ ಓರ್ಯೆನ್ ಬೆಟ್ಟ. ಸಮುದ್ರದಿಂದ ಎದ್ದ ಮೋಡವೆಲ್ಲ ಬೆಟ್ಟಕ್ಕೆ ಹಣೆ ಚಚ್ಚಿಕೊಂಡು ಊರಿನ ಮೇಲೆ ಅಳುತ್ತದೆ. ಅತ್ತದ್ದನ್ನೆಲ್ಲ ಸುಣ್ಣಕಲ್ಲಿನ ನೆಲ ಜರಡಿಯ ಹಾಗೆ ಕೆಳಗಿಳಿಸಿಬಿಡುತ್ತದೆ. ಹೊಳೆಯಿಲ್ಲ, ಬಾವಿಯಿಲ್ಲ, ಒರತೆಯಿಲ್ಲ. ಶರತ್ಕಾಲದಲ್ಲಿ ಮಾಡಿನಿಂದ ಇಳಿದದ್ದನ್ನು ತೊಟ್ಟಿಗೆ ಹಿಡಿದುಕೊಂಡರೆ ವರ್ಷವಿಡೀ ಬದುಕು, ಇಲ್ಲದಿದ್ದರೆ ಇಲ್ಲ.

ಆ ಜನವೂ ಅಂಥದ್ದೇ. ಸುಲ್ತಾನನಿಗೆ ತಲೆಬಾಗಿದವರಲ್ಲ, ಆಸ್ಟ್ರಿಯದ ಚಕ್ರವರ್ತಿಗೆ ಬಂದೂಕು ಒಪ್ಪಿಸಿದವರಲ್ಲ. ಚಕ್ರವರ್ತಿಯ ಸೈನಿಕರು ಹೋಗುವಾಗ ಬಿಟ್ಟುಹೋದದ್ದು ಎರಡೇ ವಸ್ತು, ಒಂದು ಕೋಟೆ, ಇನ್ನೊಂದು ಮಳೆಮಾಪಕ. ಕೋಟೆಯ ಕಲ್ಲು ಕಿತ್ತು ಆಡಿನ ಕೊಟ್ಟಿಗೆ ಕಟ್ಟಿಕೊಂಡರು. ಮಳೆಮಾಪಕವನ್ನು ಮಾತ್ರ ಮನೆದೇವರ ಹಾಗೆ ಕಾಪಾಡಿಕೊಂಡು ಬಂದರು. ನೂರು ವರ್ಷಕ್ಕೂ ಮೀರಿದ ಅಳತೆ, ಅದರಿಂದ ಹುಟ್ಟಿದ ಸರಾಸರಿ, ಆ ಸರಾಸರಿಯಿಂದ ಹುಟ್ಟಿದ ಹೆಮ್ಮೆ. ನಾರ್ವೆಯಲ್ಲಿ ಯಾವುದೋ ಒಂದು ಊರು ತಮ್ಮ ಬೆನ್ನ ಹಿಂದೆಯೇ ಇದೆ ಎಂದು ಯಾರೋ ಹೇಳಿದ ಮೇಲಂತೂ, ಒಬ್ಬ ನಾರ್ವೆಯವನನ್ನೂ ಕಣ್ಣಾರೆ ಕಾಣದ ಈ ಜನ ಆ ದೇಶದ ಮೇಲೆ ಹಲ್ಲು ಕಡಿಯುತ್ತಿದ್ದರು.

ಅವರೆಲ್ಲರಿಗಿಂತ ಗಟ್ಟಿಯಾಗಿ ಕಡಿಯುತ್ತಿದ್ದವನು ಯಾಗ್ಲಿಕಾಳ ಮಾವ ಮಾಶಾನ್. ನಲವತ್ತು ವರ್ಷ ಮಾಪಕ ಓದಿದವನು. ಊರು ಶುರುವಾಗುವಲ್ಲಿ ‘ಯುರೋಪಿನ ಅತಿ ಹೆಚ್ಚು ಮಳೆಯ ಊರು’ ಎಂದು ಹಲಗೆ ಬರೆದು ನೆಟ್ಟವನೂ ಅವನೇ. ಕಣ್ಣು ಮಂಜಾದ ಮೇಲೆ ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟಿದ್ದ. ಮಗ ವೂಕೋ ಹಡಗಿನ ಮೇಲಿರುವವನು, ವರ್ಷಕ್ಕೆರಡು ಸಲ ಮನೆಗೆ ಬರುವ ನೆಂಟ. ಹಾಗಾಗಿ ಮನೆಯಲ್ಲಿದ್ದವರು ಇವರಿಬ್ಬರೇ, ಮತ್ತು ಆ ಮಾಪಕ.

ಈ ಸಲದ ಶರತ್ಕಾಲ ಕೈಕೊಟ್ಟಿತ್ತು. ಬಿಸಿಲು ಹೋಗಲಿಲ್ಲ, ಮೋಡ ಬಂದು ಮುಖ ತೋರಿಸಿ ಹೋಯಿತು. ಹಂದಿ ಕಡಿದು ತೊಡೆಮಾಂಸ ಹೊಗೆಯಲ್ಲಿ ಒಣಗಿಸಲು ಕಟ್ಟುವಷ್ಟು ಚಳಿಯೂ ಹುಟ್ಟಲಿಲ್ಲ. ಹವಾಮಾನ ಕಚೇರಿಯ ಋತುವರದಿ ಬಂದಾಗ ಬೆಟ್ಟದ ಸುತ್ತಲ ಊರುಗಳಿಗೆಲ್ಲ ಒಂದೇ ಸಾಲು: ಉಷ್ಣತೆ ದೀರ್ಘಾವಧಿ ಸರಾಸರಿಗಿಂತ ಮೂರು ಡಿಗ್ರಿ ಹೆಚ್ಚು, ಮಳೆ ಸರಾಸರಿಯ ಅರ್ಧಕ್ಕೂ ಕಡಿಮೆ. ಮೋಕ್ರಿ ದೋಲಿಗೆ ಮಾತ್ರ ಬೇರೆ ಸಾಲು: ಮಳೆ ಸರಾಸರಿಗಿಂತ ತುಸು ಹೆಚ್ಚು. ತುಂತುರು ಬಿದ್ದ ಮರುದಿನವೆಲ್ಲ ಮಾಪಕ ಅರ್ಧ ತುಂಬಿರುತ್ತಿತ್ತು. ಬೆಟ್ಟದ ಮಳೆ ಮನೆಯ ಒಂದು ಬದಿಗೆ ಬಿದ್ದು ಇನ್ನೊಂದು ಬದಿಗೆ ಬೀಳದೆ ಇರಬಹುದು ಎಂದುಕೊಂಡು ಯಾಗ್ಲಿಕಾ ಕಂಡದ್ದನ್ನು ಬರೆದು ಕಳಿಸಿದ್ದಳು. ಊರಿನವರೋ, ತಮ್ಮ ತಮ್ಮ ತೊಟ್ಟಿಯಲ್ಲಿ ಬಕೆಟ್ಟು ತಳಕ್ಕೆ ಬಡಿದು ಠಣ್ ಎನ್ನುತ್ತಿದ್ದರೂ ವರದಿಯನ್ನು ನಂಬಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಆ ಮಲ್ಲಿಗೆಗೆ ತೆತ್ತ ಬೆಲೆ ಹೋದ ವಾರ ಗೊತ್ತಾಗಿತ್ತು. ಕೆಳಗೆ ಸಮುದ್ರದ ದಡದ ನಗರಸಭೆಯಲ್ಲಿ ನೀರಿನ ಟ್ಯಾಂಕರ್ ಕಳಿಸುವ ಕೆಲಸ ನೋಡಿಕೊಳ್ಳುವ ರಾದೊಯೆ ಬಂದಿದ್ದ. ಅವನ ತಾಯಿ ಇದೇ ಊರಿನವಳು. ಪಕ್ಕದ ಮನೆಯ ವಿಧವೆ ಪ್ಲಾನಾ ಅವನ ಕಾರಿಗೆ ಅಡ್ಡ ನಿಂತು ನೀರು ಕೇಳಿದಳು.

"ನಾನೇನು ಮಾಡ್ಲಿ ಪ್ಲಾನಕ್ಕ? ಸರಾಸರಿಗಿಂತ ಕಮ್ಮಿ ಮಳೆ ಆದ ಊರಿಗೆ ಟ್ಯಾಂಕರ್ ಅಂತ ಆದೇಶ. ನಿಮ್ದು ಜಾಸ್ತಿ ಅಂತ ಬಂದಿದೆ."

"ನನ್ನ ಆಡುಗಳಿಗೆ ಓದೋಕೆ ಬರಲ್ಲಪ್ಪ," ಅಂದಳು ಪ್ಲಾನಾ. "ಅವು ತೊಟ್ಟಿ ನೋಡಿ ಅರಚ್ತವೆ."

ನಿಕೊಲಾ ಸಂತನ ಹಬ್ಬ ಕಳೆದ ಮರುದಿನ ಆಡುಗಳನ್ನೆಲ್ಲ ಕೆಳಗಿನ ಕಸಾಯಿಖಾನೆಗೆ ಹೊಡೆದುಕೊಂಡು ಹೋಗುವುದೆಂದು ಪ್ಲಾನಾ ತೀರ್ಮಾನಿಸಿದ್ದಳು. ಆಡು ಹೋದರೆ ಅವಳೂ ಹೋಗುತ್ತಾಳೆ. ಅವಳ ಹಿಂದೆ ಇನ್ನೆಷ್ಟು ಬಾಗಿಲುಗಳಿಗೆ ಬೀಗ ಬೀಳುತ್ತದೋ ಎಂದು ಯಾಗ್ಲಿಕಾಳಿಗೆ ಆ ವಾರವಿಡೀ ಊಟ ರುಚಿಸಿರಲಿಲ್ಲ.

ಈಗ ಗಾಜಿನ ಕೊಳವೆ ಹಿಡಿದುಕೊಂಡೇ ಅವಳು ಮನೆಯ ಮುಂದಕ್ಕೆ ಬಂದಳು. ಮಾಶಾನ್ ಹಿಪ್ಪುನೇರಳೆ ಮರದ ಕೆಳಗಿನ ಕಲ್ಲುಕಟ್ಟೆಯ ಮೇಲೆ ಕೂತು ಅಕ್ರೋಟು ಒಡೆಯುತ್ತಿದ್ದ.

"ಮಾವ, ಇದೇನು?"

"ನೀರು."

"ನೀರಲ್ಲಿ ಏನಿದೆ?"

"ನನಗೆ ಕಣ್ಣು ಕಾಣಲ್ಲ ಅಂತ ನಿನಗೆ ಗೊತ್ತಲ್ಲ."

"ಕಾಣದೆ ಇದ್ದದ್ದೇ ಒಳ್ಳೇದಾಯ್ತು. ಕಂಡಿದ್ರೆ ಸೋಸಿ ಸುರೀತಿದ್ರಿ."

ಮುದುಕನ ಕೈಯಲ್ಲಿದ್ದ ಕಲ್ಲು ಅಕ್ರೋಟಿನ ಮೇಲೆ ಇಳಿಯಲಿಲ್ಲ. ಸಿಕ್ಕಿಬಿದ್ದವನ ಮುಖ ಅದಲ್ಲ. ಕಾಯಿಸಿ ಕಾಯಿಸಿ ಕೊನೆಗೂ ಕೇಳಿದೆಯಲ್ಲ ಎನ್ನುವವನ ಮುಖ.

"ಸುರಿದೆ. ಏನೀಗ? ಬೇರೆ ಊರಿನ ನೀರು ಕದ್ದು ತಂದು ಸುರಿದ್ನಾ? ಅದೂ ನಮ್ಮ ಮಾಡಿನ ಮೇಲೆ ಬಿದ್ದ ಮಳೆನೇ. ಹೋದ ವರ್ಷ ಬಿದ್ದದ್ದನ್ನ ಇನ್ನೊಂದ್ಸಲ ಅಳೆಸಿದೆ, ಅಷ್ಟೇ."

"ಒಂದು ಕೋಳಿನ ಎರಡು ಸಲ ಎಣಿಸಿದ್ರೆ ಎರಡು ಮೊಟ್ಟೆ ಇಡುತ್ತಾ ಮಾವ?"

"ಕೈಗಡ ಅಂತ ತಿಳ್ಕೊ. ಆಕಾಶ ನಮಗೆ ಬಾಕಿ ಇಟ್ಕೊಂಡಿದೆ. ಜನವರಿಯಲ್ಲಿ ಸುರಿಯುತ್ತಲ್ಲ, ಆಗ ನೀನು ಅಷ್ಟು ಕಮ್ಮಿ ಬರಿ. ಲೆಕ್ಕ ಸಮ ಆಗುತ್ತೆ. ನೂರು ವರ್ಷದ ಸರಾಸರಿ ಕಣೇ ಅದು. ನನ್ನಪ್ಪ ಹಿಮದಲ್ಲಿ ಮಂಡಿಯೂರಿ ಅಳೆದದ್ದು. ಒಂದು ನಾಚಿಕೆಗೆಟ್ಟ ಶರತ್ಕಾಲ ಬಂತು ಅಂತ ಅದನ್ನ ಇಳಿಯೋಕೆ ಬಿಡ್ಲಾ? ನಾರ್ವೆಯವನು ನಗಲಿ ಅಂತ್ಲಾ?"

"ಹಾಗಾದ್ರೆ ಥರ್ಮಾಮೀಟರಿಗೂ ಒದ್ದೆ ಬಟ್ಟೆ ಸುತ್ತಿ ಬಿಸಿಲು ಇಳಿಸೋದು ಮರೆತುಬಿಟ್ರಲ್ಲ."

"ಬಿಸಿಲಿಗೆ ಯಾರು ಬಹುಮಾನ ಕೊಡ್ತಾರೆ?" ಅಂದ ಮಾಶಾನ್, ನಿಜವಾಗಿಯೂ ಅರ್ಥವಾಗದವನ ಹಾಗೆ.

ಯಾಗ್ಲಿಕಾಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಮಾಪಕದ ಬಾಯಿ ಅಂಗೈ ಅಗಲದ್ದು. ಅದಕ್ಕೆ ಒಂದು ತಗಡಿನ ಜಗ್ಗು ನೀರು ಹಾಕಿದರೆ ಇಡೀ ಊರಿನ ಮೇಲೆ ಒಂದು ದೊಡ್ಡ ಮಳೆ ಬಿದ್ದಂತೆ ಲೆಕ್ಕ. ಮುದುಕ ಶರತ್ಕಾಲವಿಡೀ ಸುರಿದದ್ದು ಎಲ್ಲ ಸೇರಿ ಎರಡು ಬಕೆಟ್ಟು ನೀರು. ಆ ಎರಡು ಬಕೆಟ್ಟಿನಿಂದ ಊರಿಗೆ ಟ್ಯಾಂಕರುಗಟ್ಟಲೆ ನೀರು ತಪ್ಪಿತ್ತು.

"ಪ್ಲಾನಕ್ಕನ ಆಡು ಹೋಗ್ತವೆ ಮಾವ. ನಿಮ್ಮ ಸರಾಸರಿನ ಅವು ಕುಡಿಯಕ್ಕಾಗಲ್ಲ."

"ಕೆಳಗಿನವರ ಟ್ಯಾಂಕರ್ ನೀರು ಕುಡಿಯೋದಕ್ಕಿಂತ..." ಎಂದು ಶುರುಮಾಡಿದ ಮಾಶಾನ್ ಮುಂದೇನು ಹೇಳಬೇಕೆಂದು ತೋಚದೆ ಅಕ್ರೋಟಿಗೆ ಏಟು ಹಾಕಿದ. ತಿರುಳೂ ಪುಡಿಯಾಯಿತು.

ಅಂದೇ ಅವಳು ಹವಾಮಾನ ಕಚೇರಿಗೆ ಫೋನ್ ಮಾಡಿ ಕೇಳಿದಳು. ವರದಿ ತಿದ್ದಬಹುದು, ಆದರೆ ಅಳತೆ ಯಾಕೆ ಕೆಟ್ಟಿತು ಎಂದು ಮಾಪಕ ನೋಡಿಕೊಳ್ಳುವವರೇ ಹೇಳಬೇಕು ಎಂದರು. ಆಮೇಲೆ ಹೇಳುತ್ತೇನೆ ಎಂದು ಫೋನಿಟ್ಟಳು. ಒಂದು ಮಾತಿನಲ್ಲಿ ಮುಗಿಸಿಬಿಡಬಹುದಿತ್ತು. ಆದರೆ ಆ ಬೆಟ್ಟದಲ್ಲಿ ಬೆನ್ನ ಹಿಂದೆ ಆಡಿದ ಮಾತಿಗೆ ನಾಯಿ ಬೊಗಳಿದ್ದಕ್ಕಿಂತ ಕಡಿಮೆ ಬೆಲೆ, ಮತ್ತು ಅವಳೂ ಆ ಬೆಟ್ಟದವಳೇ.

"ಕದ್ದು ಹೇಳಲ್ಲ," ಎಂದಳು ಮಾವನಿಗೆ. "ನಿಕೊಲಾ ಹಬ್ಬದ ದಿನ ನಿಮ್ಮ ಎದುರಿಗೇ, ಊರಿನ ಎದುರಿಗೇ ಹೇಳ್ತೀನಿ."

"ನನ್ನ ಮನೆ ಸಂತನ ಮೇಜಿನ ಮುಂದೆ?"

"ಅಲ್ಲೇ. ಬತ್ತಿ ಉರೀತಿರುವಾಗ ಯಾರೂ ದನಿ ಎತ್ತೋ ಹಾಗಿಲ್ಲವಲ್ಲ."

ಮಾಶಾನ್ ಅವಳ ಕಡೆ ತಿರುಗಿದ. "ನೀನು ಸೊಸೆಯಾಗಿ ಬಂದ ದಿನವೇ ಅಂದ್ಕೊಂಡೆ, ಇವಳ ಬಾಯಲ್ಲಿರೋದು ನಾಲಿಗೆ ಅಲ್ಲ, ಕುಡುಗೋಲು ಅಂತ. ಹೇಳು. ಹೇಳಿ ನೋಡು."

ಹಬ್ಬ ಬಂತು. ಆ ಜನ ಸ್ಲಾವಾ ಎನ್ನುವ ಈ ಹಬ್ಬವೆಂದರೆ ಮನೆಯ ಸಂತನ ದಿನ. ಆ ದಿನಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ತಡೆಯುವುದಿಲ್ಲ. ಉದ್ದನೆಯ ಮೇಣದ ಬತ್ತಿ ಬೆಳಗಿನಿಂದ ಉರಿಯುತ್ತದೆ. ಅದು ಆರುವವರೆಗೆ ಆ ಮನೆಯಲ್ಲಿ ಹಗೆಯವನೂ ನೆಂಟನೇ, ಗಟ್ಟಿ ಮಾತೂ ಪಾಪವೇ. ಯಜಮಾನ ಕೂರುವಂತಿಲ್ಲ, ನಿಂತೇ ಬಡಿಸಬೇಕು. ಉಪವಾಸದ ಕಾಲವಾದ್ದರಿಂದ ಮಾಂಸವಿರಲಿಲ್ಲ. ಹುರಿದ ಮೀನು, ಒಲೆಯಲ್ಲಿ ಬೆಂದ ಹುರುಳಿ, ಬೇಯಿಸಿದ ಗೋಧಿಯ ಪ್ರಸಾದ ಇದ್ದವು. ಕೈತೊಳೆಯಲು ಯಾಗ್ಲಿಕಾ ಒಬ್ಬೊಬ್ಬರಿಗೆ ಅರ್ಧ ಲೋಟ ನೀರು ಎರೆದಳು. ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ರಾಕಿಯಾಕ್ಕೆ ಮಾತ್ರ ಬರವಿರಲಿಲ್ಲ.

ಊರೇ ಬಂದಿತ್ತು. ರಾದೊಯೆಯೂ ತಾಯಿಯ ಊರಿನ ಹಬ್ಬವೆಂದು ಬಂದು ಕೂತಿದ್ದ. ಮೂಲೆಯಲ್ಲಿ ಕರಿ ಬಟ್ಟೆಯ ಪ್ಲಾನಾ ಕೂತಿದ್ದಳು. ಊರಿನ ಹೆಂಡದಂಗಡಿಯ ಬೊಶ್ಕೋ, ಮಾತಿಗೆ ಮೊದಲಿನವನು, ಲೋಟ ಎತ್ತಿದ.

"ಸುತ್ತಲ ಊರಿಗೆಲ್ಲ ಅರ್ಧಕ್ಕರ್ಧ ಇಲ್ಲ. ನಮಗೆ ಸರಾಸರಿಗಿಂತ ಮೇಲೆ. ಸಂತ ನಿಕೊಲಾನಿಗೆ ಗೊತ್ತು, ಯಾರ ತಲೆ ಮೇಲೆ ಸುರೀಬೇಕು ಅಂತ. ಮಾಶಾನ್, ನಿನ್ನ ಮಾಪಕಕ್ಕೆ."

ಎಲ್ಲರೂ ಕುಡಿದರು. ಮಾಶಾನ್ ಕುಡಿಯಲಿಲ್ಲ. ಅವನ ಮಂಜುಗಣ್ಣು ಸೊಸೆಯ ಕಡೆಗಿತ್ತು.

ಯಾಗ್ಲಿಕಾ ಒಳಗಿನಿಂದ ಮಾಪಕದ ಡಬ್ಬಿ ತಂದು ಮೀನಿನ ತಟ್ಟೆಯ ಪಕ್ಕದಲ್ಲಿಟ್ಟಳು.

"ಇದು ಹಬ್ಬದ ವಾರದಲ್ಲಿ ನಿಜವಾಗಿ ಬಿದ್ದ ಮಳೆ. ತಳ ಮುಚ್ಚಿಲ್ಲ, ನೋಡಿ. ಶರತ್ಕಾಲವಿಡೀ ಹೀಗೇ ಇತ್ತು. ನಾನು ಕಳಿಸಿದ ಅಳತೆ ಸುಳ್ಳು. ನಮ್ಮ ಊರಿಗೆ ಬಿದ್ದದ್ದೂ ಸರಾಸರಿಯ ಅರ್ಧಕ್ಕಿಂತ ಕಮ್ಮಿ. ನಾಳೆ ಕಚೇರಿಗೆ ಹಾಗಂತಲೇ ಹೇಳ್ತೀನಿ. ರಾದೊಯೆ, ನೀನೂ ಕೇಳಿಸ್ಕೊ."

ಆಮೇಲೆ ಮೋಕ್ರಿ ದೋಲಿನಲ್ಲಿ ಹಿಂದೆಂದೂ ನಡೆಯದ ಜಗಳ ನಡೆಯಿತು. ಎಲ್ಲರೂ ಪಿಸುಗುಟ್ಟಿ ಜಗಳವಾಡಿದರು. ಕುತ್ತಿಗೆಯ ನರ ಉಬ್ಬಿದ, ಮುಖ ಕೆಂಪೇರಿದ ಗಂಡಸರು, ಮಗು ಮಲಗಿಸುವ ದನಿಯಲ್ಲಿ ಬೈದರು.

"ಊರಿನ ಮರ್ಯಾದೆ ಮಾರ್ತಿದ್ದೀಯ," ಎಂದು ಬೊಶ್ಕೋ ಪಿಸುಗುಟ್ಟಿದ.

"ಮಾರ್ತಿಲ್ಲ ಬೊಶ್ಕೋ. ಆ ಮರ್ಯಾದೆಗೇ ಕುಡಿಯೋಕೆ ನೀರು ಕೇಳ್ತಿದ್ದೀನಿ."

"ಇಷ್ಟು ದಿನ ಯಾರು ಸುಳ್ಳು ಅಳೆದದ್ದು? ಅದನ್ನ ಹೇಳು."

ಯಾಗ್ಲಿಕಾ ಮಾವನ ಕಡೆ ನೋಡಲಿಲ್ಲ. ಎದುರಿಗೆ ಹೇಳುತ್ತೇನೆ ಎಂದು ಸವಾಲು ಹಾಕಿದ್ದೇನೋ ನಿಜ. ಆದರೆ ಆ ಮುದುಕ ತನ್ನ ಸಂತನ ಬತ್ತಿಯ ಪಕ್ಕ, ಭುಜದ ಮೇಲೆ ಬಡಿಸುವ ಬಟ್ಟೆ ಹಾಕಿಕೊಂಡು, ಏಟಿಗೆ ಕಾದವನ ಹಾಗೆ ನೆಟ್ಟಗೆ ನಿಂತಿದ್ದ. ಅವನ ಹೆಸರನ್ನು ಅವಳು ಹೇಳಲಿಲ್ಲ.

"ಮಾಪಕ ನನ್ನ ಕೈಯಲ್ಲಿರೋದು," ಎಂದಳು. "ತಪ್ಪೂ ನನ್ನದೇ."

"ಹೆಂಗಸಿನ ಕೈಗೆ ಕೊಟ್ರೆ ಇನ್ನೇನಾಗುತ್ತೆ," ಎಂದು ಯಾರೋ ಗೊಣಗಿದರು.

ಆಗ ಮಾಶಾನ್ ಕೈಯಲ್ಲಿದ್ದ ಮೀನಿನ ತಟ್ಟೆಯನ್ನು ಮೇಜಿನ ಮೇಲಿಟ್ಟ. ಬೈಸಿಕೊಳ್ಳಲು ಅವನು ತಯಾರಿದ್ದ. ಊರಿನೆದುರು ಸೋಲಲೂ ತಯಾರಿದ್ದನೇನೋ. ತಾನು ಮಾಡಿದ್ದನ್ನು ಇನ್ನೊಬ್ಬರು ಹೊತ್ತುಕೊಂಡು ಹೋಗುವುದನ್ನು ನಿಂತು ನೋಡುವುದು ಮಾತ್ರ ಅವನ ಎಲುಬಿಗೇ ಒಗ್ಗುವಂಥದ್ದಲ್ಲ.

"ಅವಳು ಸುಳ್ಳು ಹೇಳ್ತಿದ್ದಾಳೆ," ಎಂದ. ಪಿಸುಗುಟ್ಟಲಿಲ್ಲ, ಕೂಗಲೂ ಇಲ್ಲ. "ಸುರಿದವನು ನಾನು. ತೊಟ್ಟಿ ನೀರು, ತಗಡಿನ ಜಗ್ಗಲ್ಲಿ. ನನ್ನ ಮನೇಲಿ ನನ್ನ ಪಾಪ ಹೊರೋಕೆ ಬೇರೆಯವರ ಬೆನ್ನು ಬೇಕಾಗಿಲ್ಲ."

ಯಾರೂ ತಲೆ ಎತ್ತಲಿಲ್ಲ.

"ನೀವ್ಯಾಕೆ ತಟ್ಟೆ ನೋಡ್ತೀರಿ? ನಾನು ಕುರುಡ. ನಿಮಗೆಲ್ಲ ಕಣ್ಣಿತ್ತಲ್ಲ. ಅಂಗಳ ಒಣಗಿತ್ತು, ತೊಟ್ಟಿ ಒಣಗಿತ್ತು. ಮಳೆ ಬಂತು ಅಂತ ವರದಿಯಲ್ಲಿ ನೋಡಿ ಲೋಟ ಎತ್ತಿದ್ರಿ. ನಾನು ಸುರಿದೆ, ನೀವು ಕುಡಿದ್ರಿ. ಈಗ ಅವಳೊಬ್ಬಳ ಮೇಲೆ ಹಾರ್ತೀರಾ?"

ಬೊಶ್ಕೋ ಬಾಯಿ ತೆರೆದ, ಬತ್ತಿ ನೋಡಿದ, ಮುಚ್ಚಿದ. ಮೂಲೆಯಿಂದ ಪ್ಲಾನಾ ಮೆಲ್ಲನೆ ಎದ್ದು ಬಂದು ಡಬ್ಬಿಯೊಳಗೆ ಇಣುಕಿದಳು.

"ನನ್ನ ತೊಟ್ಟಿನೂ ಇದೇ ಹೇಳಿತ್ತು," ಎಂದು ಹೋಗಿ ಕೂತಳು.

ಬತ್ತಿಯನ್ನು ಬಾಯಿಂದ ಊದುವ ಹಾಗಿಲ್ಲ. ಸಂಜೆ ಮಾಶಾನ್ ಅದನ್ನು ವೈನಿನ ಹನಿಯಿಂದ ಆರಿಸುವವರೆಗೆ ಒಬ್ಬರೂ ಎದ್ದು ಹೋಗಲಿಲ್ಲ. ಎದ್ದು ಹೋದರೆ ಅದೂ ಜಗಳವೇ ಆಗುತ್ತಿತ್ತು. ಮೀನು ತಿಂದರು, ಮೂಳೆ ಉಗುಳಿದರು, ಮಾತು ಹುಟ್ಟಲಿಲ್ಲ. ರಾದೊಯೆ ಹೊರಡುವಾಗ ಬಾಗಿಲಲ್ಲಿ ನಿಂತು, "ಆಡು ಹೊಡ್ಕೊಂಡು ಹೋಗಬೇಡಿ ಪ್ಲಾನಕ್ಕ, ಎರಡು ದಿನ ತಡ್ಕೊಳಿ," ಎಂದಷ್ಟೇ ಹೇಳಿದ. ಮಾರನೆಯ ಬೆಳಗ್ಗೆ ಯಾಗ್ಲಿಕಾ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಮಾವ ಪಕ್ಕದಲ್ಲೇ ಕೂತು ಕೇಳಿಸಿಕೊಂಡ, ಒಂದು ಕಡೆ, "ಜಗ್ಗು ಅಂತ ಹೇಳು, ಬಕೆಟ್ಟು ಅನ್ನಬೇಡ," ಎಂದು ತಿದ್ದಿದ.

ಟ್ಯಾಂಕರ್ ಬಂದ ದಿನ ಊರಿನ ಒಂದು ಬಾಗಿಲೂ ತೆರೆಯಲಿಲ್ಲ. ಅದು ಮಾಶಾನನ ಹಲಗೆಯನ್ನು ದಾಟಿ, ಏದುಸಿರು ಬಿಡುತ್ತ ಬಂದು ಚರ್ಚಿನ ಮುಂದೆ ನಿಂತಿತು. ಡ್ರೈವರ್ ಹಾರ್ನ್ ಹೊಡೆದ. ಕಿಟಕಿಗಳ ಪರದೆ ಅಲ್ಲಾಡಿದವು, ಜನ ಹೊರಬರಲಿಲ್ಲ. ಬಾಯಾರಿದ ಊರು ಹಲ್ಲು ಕಚ್ಚಿಕೊಂಡು ಒಳಗೆ ಕೂತಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ.

ಯಾಗ್ಲಿಕಾ ಎರಡು ಬಕೆಟ್ಟು ಹಿಡಿದು ನಡುಬೀದಿಯಲ್ಲಿ ನಡೆದಳು. ಬೇಕೆಂದೇ ಬಕೆಟ್ಟುಗಳನ್ನು ಒಂದಕ್ಕೊಂದು ಬಡಿಯುತ್ತ ನಡೆದಳು. ನೋಡಲಿ. ನೀರು ಬೇಕು ಎನ್ನುವುದರಲ್ಲಿ ಯಾವ ನಾಚಿಕೆ? ನಲ್ಲಿಯ ಕೆಳಗೆ ಬಕೆಟ್ಟಿಟ್ಟಾಗ ಬಿದ್ದ ನೀರಿನ ಸದ್ದು ಇಡೀ ಬೀದಿಗೆ ಕೇಳಿಸಿತು. ಕೊಟ್ಟಿಗೆಯಲ್ಲಿ ಆಡುಗಳು ಅರಚಿದವು. ಪ್ಲಾನಾ ಸೆರಗಿನಂತೆ ಕರಿ ಶಾಲು ಕಟ್ಟಿಕೊಂಡು, ಹಾಲಿನ ಕ್ಯಾನು ಉರುಳಿಸುತ್ತ ಬಂದಳು. ಅಷ್ಟೇ. ಇಬ್ಬರು ಹೆಂಗಸರು.

ಆಮೇಲೆ ಮಾಶಾನನ ಮನೆಯ ಬಾಗಿಲು ಕಿರ್ ಎಂದಿತು.

ಮುದುಕ ಹಬ್ಬದ ಕೋಟು ಹಾಕಿಕೊಂಡಿದ್ದ. ಕೈಯಲ್ಲಿ ಅದೇ ತಗಡಿನ ಜಗ್ಗು. ಒಂದೊಂದೇ ಹೆಜ್ಜೆ ಇಡುತ್ತ ಬಂದು ಪ್ಲಾನಾಳ ಹಿಂದೆ ಸರದಿಯಲ್ಲಿ ನಿಂತ. ಡ್ರೈವರನಿಗೆ ತಡೆಯಲಾಗಲಿಲ್ಲ.

"ಅಜ್ಜ, ಕೆಳಗೆ ಹಲಗೆ ಓದಿದೆ. ಇಷ್ಟು ಮಳೆಯ ಊರಿಗೆ ನೀರು ಹೊತ್ತದ್ದು ಇದೇ ಮೊದಲು."

"ಹಲಗೆ ಬರೆದವನು ನಾನೇ," ಅಂದ ಮಾಶಾನ್. "ಅದು ಅಲ್ಲೇ ಇರುತ್ತೆ. ಮಳೆ ಒಂದು ವರ್ಷ ಮುಖ ತಿರುಗಿಸಿದ್ರೆ ಹಲಗೆ ಕೀಳೋ ಜನ ನಾವಲ್ಲ. ನೀನು ನಲ್ಲಿ ಬಿಡು."

ಕಿಟಕಿಯೊಂದು ತೆರೆಯಿತು. ಬೊಶ್ಕೋನ ಮನೆಯ ಬಾಗಿಲು ಅರ್ಧ ತೆರೆಯಿತು, ಒಂದು ಬಕೆಟ್ಟು ಮೊದಲು ಹೊರಗೆ ಬಂತು, ಅದರ ಹಿಂದೆ ಬೊಶ್ಕೋ ಬಂದ. ಆಮೇಲೆ ಬಾಗಿಲುಗಳು ತೆರೆಯುತ್ತ ಹೋದವು.

ಮಾಶಾನ್ ತುಂಬಿದ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿದ. ಮಳೆಮಾಪಕವಿದ್ದ ಬೇಲಿಯ ಕಡೆಗೆ ನಡೆದ. ಯಾಗ್ಲಿಕಾ ಕೈಯಲ್ಲಿದ್ದ ಬಕೆಟ್ಟು ಕೆಳಗಿಟ್ಟು ಅವನ ಹಿಂದೆ ಓಡಿದಳು. ಸರದಿಯಲ್ಲಿದ್ದವರೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದರು.

ಮುದುಕ ಬೇಲಿಯ ಬಾಗಿಲ ಹತ್ತಿರ ಬಂದ. ನಿಲ್ಲಲಿಲ್ಲ. ಮಾಪಕವನ್ನು ದಾಟಿ, ಪ್ಲಾನಾಳ ಕೊಟ್ಟಿಗೆಯ ಮುಂದಿನ ಕಲ್ಲುಬಾನಿಗೆ ಜಗ್ಗನ್ನು ಪೂರಾ ಬಗ್ಗಿಸಿದ. ಆಡುಗಳು ಒಂದರ ಮೇಲೊಂದು ಬಿದ್ದು ಮೂತಿ ಹಾಕಿದವು. ಅವನು ಕೋಟಿನ ತೋಳಿಗೆ ಸಿಡಿದ ನೀರನ್ನು ಒರೆಸಿಕೊಂಡ. ಹಿಂದೆ ಬಂದು ನಿಂತವಳು ಸೊಸೆಯೆಂದು ನೋಡದೆಯೇ ಗೊತ್ತಿತ್ತು.

"ಇದನ್ನ ಬರ್ಕೊಬೇಡ," ಎಂದ. "ಇದು ಮಳೆಯಲ್ಲ."